ಬೇಲಿಯಡಿ ತೋಡುವ ನಾಯಿ: ಮೊದಲು ಗುಂಡಿಯನ್ನು ನೋಡಿ

ಪ್ರಶ್ನೆ: ತಿಪಟೂರಿನ ಹೊರವಲಯದಲ್ಲಿ ನಮ್ಮ ಮನೆ. ಹಿತ್ತಲಿನ ಮೂರು ಕಡೆ ಕಲ್ಲುಕಂಬ ನಿಲ್ಲಿಸಿ 5 ಅಡಿ ಎತ್ತರದ ಚೈನ್‌ಲಿಂಕ್ ಮೆಶ್ ಹಾಕಿಸಿದ್ದೇವೆ, ಒಟ್ಟು 90 ಅಡಿ; ಜೊತೆಗೆ 4 ಅಡಿಯ ಒಂದು ಗೇಟು. ನಮ್ಮ ಕಾಳ ಎರಡೂವರೆ ವರ್ಷದ ನಾಟಿ ಗಂಡುನಾಯಿ, ಸುಮಾರು 20 ಕೆ.ಜಿ. ಇದ್ದಾನೆ, ಆಪರೇಷನ್ ಮಾಡಿಸಿಲ್ಲ. ಬೇಸಿಗೆಯಲ್ಲಿ ಮಾವಿನ ಮರದಡಿ ಗುಂಡಿ ತೋಡಿಕೊಂಡು ಮಲಗುತ್ತಿದ್ದ, ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ದಸರಾ ಕಳೆದ ಮೇಲೆ ಬೇಲಿಯಡಿ ತೋಡಲು ಶುರು ಮಾಡಿದ್ದಾನೆ. ನಾನೂ ಯಜಮಾನರೂ ಒಂಬತ್ತೂವರೆಗೆ ಶಾಲೆಗೆ ಹೊರಟರೆ ಬರುವುದು ಐದಕ್ಕೆ. ಅತ್ತೆ ಮನೆಯಲ್ಲೇ ಇರುತ್ತಾರೆ. ಮಂಡಿನೋವು ಜಾಸ್ತಿಯಾದ ಮೇಲೆ ಹಿತ್ತಲಿಗೆ ಇಳಿಯುತ್ತಿಲ್ಲ. ಕಾಳ ಮೂರು ಸಲ ಆಚೆ ಹೋಗಿ ಪಕ್ಕದವರ ಎರಡು ಕೋಳಿ ಹಿಡಿದ. ದೀಪಾವಳಿ ರಾತ್ರಿ ಗೇಟಿನಡಿ ತೋಡಿ ಓಡಿದವನು ಸಿಕ್ಕಿದ್ದು ಮರುದಿನ, ಮುಂಗಾಲಿನ ಒಂದು ಉಗುರು ಕಿತ್ತುಹೋಗಿತ್ತು. ತೆಂಗಿನ ತೋಟದ ಕಡೆಯ ಮೂಲೆಯಲ್ಲಂತೂ ದಿನಕ್ಕೊಂದು ಹೊಸ ಗುಂಡಿ. ಖಾರದ ಪುಡಿ, ಫಿನಾಯಿಲ್, ಬಣ್ಣದ ನೀರಿನ ಬಾಟಲಿ ಎಲ್ಲ ಆಯಿತು. ಸರಪಳಿ ಹಾಕಿದರೆ ದಿನವಿಡೀ ಬೊಗಳುತ್ತಾನೆ. ತೋಟಕ್ಕೆ ಹಾಕುವ ಝಟಕಾ ತಂತಿ ಎಳೆಸೋಣ ಅನ್ನುತ್ತಾರೆ ಯಜಮಾನರು. ಅಂಗಳ ತೋಡುವ ನಾಯಿ ಮನೆಗೆ ಒಳ್ಳೆಯದಲ್ಲ, ಯಾರಿಗಾದರೂ ಕೊಟ್ಟುಬಿಡಿ ಅನ್ನುತ್ತಾರೆ ಅತ್ತೆ. ನನಗೆ ಅವನನ್ನು ಕೊಡಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಕಾಳನನ್ನು ಕೊಡಬೇಕಾದ ಪರಿಸ್ಥಿತಿ ನಿಮಗೆ ಬಂದಿಲ್ಲ. ಬೇಲಿಯ ಬುಡ ಭದ್ರಪಡಿಸಲು ಎರಡು ದಿನದ ಕೆಲಸ, ಅವನ ದಿನಚರಿ ಸರಿಪಡಿಸಲು ಮೂರು ನಾಲ್ಕು ವಾರ ಬೇಕಾಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಬರೀ ಬೇಲಿ ಗಟ್ಟಿ ಮಾಡಿದರೆ ಅವನು ಬಾಗಿಲು ಕೆರೆಯಲು ಅಥವಾ ಮೆಶ್ ಕಚ್ಚಲು ಶುರು ಮಾಡುತ್ತಾನೆ. ಬರೀ ತರಬೇತಿ ಕೊಡುತ್ತಾ ಕೂತರೆ ಅಷ್ಟರಲ್ಲಿ ಇನ್ನೊಂದು ಕೋಳಿ ಹೋಗಿರುತ್ತದೆ.

ನೀವು ಒಂದೇ ತೊಂದರೆ ಎಂದು ಬರೆದಿದ್ದೀರಿ. ನಿಮ್ಮ ಪತ್ರದೊಳಗೆ ನಾಲ್ಕು ಬಗೆಯ ಗುಂಡಿಗಳಿವೆ. ನಾಲ್ಕಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಗುಂಡಿ ಮುಚ್ಚುವ ಮೊದಲು ಅದು ಎಲ್ಲಿದೆ, ಯಾವ ಆಕಾರದಲ್ಲಿದೆ, ಎಷ್ಟು ಹೊತ್ತಿಗೆ ಆಯಿತು ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮಾವಿನ ಮರದಡಿಯದು ತಂಪಿನ ಗುಂಡಿ. ತಟ್ಟೆಯ ಹಾಗೆ ಅಗಲವಾಗಿ, ಆಳವಿಲ್ಲದೆ, ನಾಯಿ ಸುರುಳಿ ಸುತ್ತಿ ಮಲಗುವಷ್ಟೇ ಇರುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುವುದೇ ಅದು ಮೈ ತಣಿಸಿಕೊಳ್ಳುವ ಮುಖ್ಯ ದಾರಿ. ಮೇಲಿನ ಕಾದ ಮಣ್ಣನ್ನು ಸರಿಸಿ ಅಡಿಯ ತಣ್ಣನೆಯ ಮಣ್ಣಿಗೆ ಹೊಟ್ಟೆ ಒತ್ತಿ ಮಲಗುವುದು ಜಾಣತನ. ಆ ಗುಂಡಿಯನ್ನು ಮುಚ್ಚಲು ಹೋಗಬೇಡಿ. ಮುಚ್ಚಿದರೆ ನೆರಳಿರುವ ಇನ್ನೊಂದು ಜಾಗ ಹುಡುಕುತ್ತಾನೆ, ಅದು ಬೇಲಿಯ ಬುಡವೇ ಆಗಿರಬಹುದು.

ತೆಂಗಿನ ತೋಟದ ಮೂಲೆಯದು ಬೇಟೆಯ ಗುಂಡಿ. ನೀವು ವಿವರ ಬರೆದಿಲ್ಲ, ಹೋಗಿ ನೋಡಿ: ಬಾಯಿ ಕಿರಿದಾಗಿ, ಒಳಗೆ ಓರೆಯಾಗಿ ಇಳಿದು, ಮಣ್ಣೆಲ್ಲ ಒಂದೇ ಕಡೆ ಚಿಮ್ಮಿದ್ದರೆ, ಪಕ್ಕದಲ್ಲಿ ಅಂಥದೇ ಎರಡು ಮೂರು ಅರ್ಧಂಬರ್ಧ ಗುಂಡಿಗಳಿದ್ದರೆ, ಕೆಳಗೆ ಇಲಿಯದೋ ಹೆಗ್ಗಣದ್ದೋ ಸುರಂಗ ಇದೆ ಎಂದು ತಿಳಿಯಿರಿ. ದಿನಕ್ಕೊಂದು ಹೊಸ ಗುಂಡಿ ಅನ್ನುವುದೂ ಅದಕ್ಕೇ ಹೊಂದುತ್ತದೆ. ಹೆಗ್ಗಣ ದಾರಿ ಬದಲಿಸಿದ ಹಾಗೆ ಅವನೂ ಬದಲಿಸುತ್ತಾನೆ.

ಗೇಟಿನಡಿಯದು ಭಯದ ಗುಂಡಿ. ಪಟಾಕಿ ಸದ್ದಿಗೆ ಹೆದರಿದ ನಾಯಿ ಜಾಗ ಹುಡುಕುತ್ತಾ ಕೂರುವುದಿಲ್ಲ. ಮನುಷ್ಯರು ಓಡಾಡುವ ದಾರಿಯಲ್ಲೇ, ಗೇಟು ಅಥವಾ ಬಾಗಿಲಿನ ಬುಡದಲ್ಲೇ, ನೋವಿನ ಪರಿವೆ ಇಲ್ಲದೆ ಕೆರೆಯುತ್ತದೆ. ಕಿತ್ತುಹೋದ ಉಗುರು ಅದಕ್ಕೆ ಸಾಕ್ಷಿ.

ನಾಲ್ಕನೆಯದು ಕೋಳಿಗಳ ಕಡೆಯ ಬೇಲಿಯದು, ಆಚೆಗೆ ಹೋಗುವ ಗುಂಡಿ. ಬೇಲಿಗೆ ಸಮಾನಾಂತರವಾಗಿ ಶುರುವಾಗಿ ಮೆಶ್‌ನ ಕೆಳಗೆ ಸರಿಯಾಗಿ ನುಗ್ಗುತ್ತದೆ, ಒಂದೆರಡು ಕಡೆ ಮಾತ್ರ ಇರುತ್ತದೆ, ಮುಚ್ಚಿದರೂ ಅದೇ ಜಾಗ ಮತ್ತೆ ತೆರೆಯುತ್ತದೆ. ಮುಚ್ಚಿದ ಮಣ್ಣು ಸಡಿಲ, ಅದರಲ್ಲಿ ಅವನದೇ ವಾಸನೆ ಬೇರೆ ಇರುತ್ತದೆ. ಇಲ್ಲಿ ತೋಡಿದ್ದಕ್ಕೆ ಅವನಿಗೆ ಈಗಾಗಲೇ ಎರಡು ಸಲ ಭಾರೀ ಬಹುಮಾನ ಸಿಕ್ಕಿದೆ. ಹತ್ತು ಸಲ ತೋಡಿ ಒಂದು ಸಲ ಕೋಳಿ ಸಿಕ್ಕರೂ ನಾಯಿ ಆ ಕೆಲಸ ಬಿಡುವುದಿಲ್ಲ. ಆದ್ದರಿಂದ ಮುಂದಿನ ಮೂರು ವಾರ ಒಂದೇ ಒಂದು ಸಲವೂ ಆಚೆ ಹೋಗಲು ಆಗಬಾರದು.

ಈಗ ನೀವು ಮಾಡಿ ನೋಡಿದ ಉಪಾಯಗಳ ವಿಚಾರ. ಖಾರದ ಪುಡಿ ಕಣ್ಣು ಮೂಗು ಉರಿಸುತ್ತದೆ, ಎರಡು ಇಬ್ಬನಿಗೆ ತೊಳೆದು ಹೋಗುತ್ತದೆ. ಅವನು ಒಂದು ಗಜ ಪಕ್ಕಕ್ಕೆ ಸರಿದು ತೋಡುತ್ತಾನೆ, ಅಷ್ಟೆ. ಫಿನಾಯಿಲ್ ಇಂದೇ ನಿಲ್ಲಿಸಿ. ಅದು ಪಾದಕ್ಕೆ ಅಂಟುತ್ತದೆ, ನಾಯಿ ಪಾದ ನೆಕ್ಕುತ್ತದೆ, ಬಾಯಿ ನಾಲಗೆ ಸುಡುತ್ತದೆ, ವಾಂತಿಯಾಗುತ್ತದೆ. ನುಸಿಗುಳಿಗೆ ಹಾಕಲು ಯಾರಾದರೂ ಹೇಳಿದರೆ ಅದೂ ಬೇಡ. ನುಂಗಿದರೆ ರಕ್ತಕಣಗಳನ್ನೇ ಹಾಳು ಮಾಡುವ ವಿಷ ಅದು. ಬಣ್ಣದ ನೀರಿನ ಬಾಟಲಿ ನಮ್ಮ ಊರೂರಿನ ಗೇಟುಗಳಲ್ಲಿ ನೇತಾಡುತ್ತಿದೆ. ನಾಯಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು ಮಂಕಾಗಿ ಕಾಣುತ್ತದೆ. ಯಾವ ಬಣ್ಣಕ್ಕೂ ಅದು ಹೆದರುವುದಿಲ್ಲ. ಗುಂಡಿಗೆ ನೀರು ತುಂಬಿ ನಾಯಿಯ ಮುಖ ಅದ್ದುವುದು, ಗುಂಡಿಯ ಹತ್ತಿರ ಎಳೆದೊಯ್ದು ಹೊಡೆಯುವುದು ನೀವು ಮಾಡಿಲ್ಲ, ಮಾಡಲೂ ಬೇಡಿ. ಐದು ಗಂಟೆಗೆ ಬಂದು ಹನ್ನೊಂದು ಗಂಟೆಯ ಗುಂಡಿಗೆ ಬೈದರೆ ನೀವು ಮನೆಗೆ ಬಂದದ್ದಕ್ಕೇ ಬೈಗುಳ ಬಿತ್ತು ಎಂದು ಅವನು ತಿಳಿಯುತ್ತಾನೆ. ಆಗ ಕಿವಿ ಮಡಚಿ, ಬಾಲ ಅಡಗಿಸಿ ನಿಲ್ಲುವುದನ್ನು ಜನ ತಪ್ಪಿನ ಅರಿವು ಎಂದುಕೊಳ್ಳುತ್ತಾರೆ. ಅದು ನಿಮ್ಮ ಮುಖ ನೋಡಿ ಹುಟ್ಟಿದ ಹೆದರಿಕೆ. ಹಟಕ್ಕೆ, ಸೇಡಿಗೆ ತೋಡುವ ನಾಯಿ ಇಲ್ಲ.

ಅತ್ತೆಯವರ ಮಾತನ್ನು ಅಲ್ಲಗಳೆದು ಮನೆಯಲ್ಲಿ ಜಗಳ ಮಾಡಿಕೊಳ್ಳಬೇಡಿ. ಗುಂಡಿ ಯಾಕೆ ಬಿತ್ತು ಎಂದು ಕಾರಣ ತೋರಿಸಿದರೆ ಅಪಶಕುನದ ಮಾತು ತಾನಾಗಿ ಹಿಂದೆ ಸರಿಯುತ್ತದೆ. ಅವರು ಈ ಪರಿಹಾರದಲ್ಲಿ ಬಹಳ ಮುಖ್ಯ. ಅದನ್ನು ಮುಂದೆ ಹೇಳುತ್ತೇನೆ.

ಝಟಕಾ ತಂತಿ ಬೇಡವೇ ಬೇಡ. ಆ ಯಂತ್ರ ಸೆಕೆಂಡಿಗೆ ಒಂದರಂತೆ ಸಾವಿರಾರು ವೋಲ್ಟಿನ ಚಿಕ್ಕ ಚಿಕ್ಕ ಹೊಡೆತ ಕೊಡುತ್ತದೆ. ಹಂದಿ, ದನ, ಆನೆ ತಡೆಯಲು ಮಾಡಿದ್ದು. ಬೇಟೆಯ ಅಥವಾ ಭಯದ ಭರದಲ್ಲಿರುವ ನಾಯಿ ಹೊಡೆತ ತಿಂದು ಹಿಂದಕ್ಕೆ ಬರುವ ಬದಲು ಮುಂದಕ್ಕೇ ಹಾರುತ್ತದೆ, ಆಮೇಲೆ ಅದೇ ತಂತಿಗೆ ಹೆದರಿ ಮನೆಗೆ ವಾಪಸು ಬರುವುದಿಲ್ಲ. ಹೊಡೆತ ಬಿದ್ದ ಗಳಿಗೆಯಲ್ಲಿ ಆಚೆ ಕಡೆ ಪಕ್ಕದ ಮನೆಯ ಮಗು ನಿಂತಿದ್ದರೆ ನೋವು ಆ ಮಗುವಿನಿಂದಲೇ ಬಂತೆಂದು ಅದರ ತಲೆಯಲ್ಲಿ ಕೂರುತ್ತದೆ. ಕಚ್ಚುವ ನಾಯಿಗಳು ಹೀಗೂ ತಯಾರಾಗುತ್ತವೆ. ಶಾಕ್ ಕೊಡುವ ಕೊರಳಪಟ್ಟಿಗೂ ಇದೇ ಮಾತು. ಇನ್ನು ಮನೆಯ ಕರೆಂಟನ್ನೇ ನೇರ ಬೇಲಿಗೆ ಕೊಡುವ ಯೋಚನೆ ಯಾರ ಬಾಯಲ್ಲಾದರೂ ಬಂದರೆ ಅಲ್ಲೇ ತಡೆಯಿರಿ. 230 ವೋಲ್ಟ್ ಮನುಷ್ಯರನ್ನು ಕೊಲ್ಲುತ್ತದೆ, ಅದು ಅಪರಾಧ.

ಸರಪಳಿಯ ವಿಷಯದಲ್ಲಿ ಕಾನೂನೂ ಇದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟಿಡುವುದು ತಪ್ಪು. ಕಾನೂನು ಬದಿಗಿಟ್ಟರೂ, ಕಟ್ಟಿದ ನಾಯಿಗೆ ತೋಡುವ ಆಸೆ ಹೋಗುವುದಿಲ್ಲ, ಸಿಟ್ಟು ಮಾತ್ರ ಬೆಳೆಯುತ್ತದೆ. ಬೇಲಿ ಕೆಲಸ ನಡೆಯುವ ಎರಡು ದಿನ ಕಟ್ಟಲೇಬೇಕಾದರೆ ಕೊರಳಿಗೆ ಬೇಡ, ಎದೆಪಟ್ಟಿಗೆ ಕಟ್ಟಿ. ಹಗ್ಗ ಯಾವ ದಿಕ್ಕಿಗೆ ಎಳೆದರೂ ಬೇಲಿಗೆ, ಜಗಲಿಯ ಅಂಚಿಗೆ ಮುಟ್ಟಬಾರದು; ಹಾರಿ ಆಚೆ ಬಿದ್ದು ನೇತಾಡಿ ಸಾಯುವ ನಾಯಿಗಳಿವೆ. ನೆರಳು, ನೀರು ಇರಲಿ, ಕಣ್ಣಳತೆಯಲ್ಲಿ ಒಬ್ಬರಿರಲಿ.

ಬೇಲಿಯ ಬುಡದ ಕೆಲಸ

ನಿಮ್ಮ ಹಿತ್ತಲಿಗೆ ಹೊಂದುವುದು ಎಲ್ ಆಕಾರದ ಜಾಲರಿ. ವೆಲ್ಡ್ ಮೆಶ್ ಅನ್ನು ಉದ್ದಕ್ಕೂ ಮಡಚಿ, ಒಂದು ಅಂಚನ್ನು ಬೇಲಿಗೆ ಕಟ್ಟಿ, ಉಳಿದದ್ದನ್ನು ನಿಮ್ಮ ಹಿತ್ತಲಿನ ಕಡೆ ನೆಲದ ಮೇಲೆ ಹಾಸುವುದು. ನಾಯಿ ಯಾವಾಗಲೂ ಬೇಲಿಗೆ ಮೂಗು ತಾಗಿಸಿ ಅದರ ಬುಡದಲ್ಲೇ ತೋಡುತ್ತದೆ. ಅಲ್ಲಿ ಕಾಲಿಗೆ ಜಾಲರಿ ಸಿಕ್ಕರೆ ಪಕ್ಕಕ್ಕೆ ಸರಿದು ನೋಡುತ್ತದೆ, ಅಲ್ಲೂ ಜಾಲರಿ. ಎರಡು ಅಡಿ ಹಿಂದಕ್ಕೆ ಬಂದು ಅಲ್ಲಿಂದ ಸುರಂಗ ಹೊಡೆಯುವ ಲೆಕ್ಕ ಅದರ ತಲೆಗೆ ಹೊಳೆಯುವುದು ಅಪರೂಪ. ಆಳವಾಗಿ ಹೂಳಿದ ಜಾಲರಿಗಿಂತ ಅಗಲವಾಗಿ ಹಾಸಿದ ಜಾಲರಿ ಹೆಚ್ಚು ಕೆಲಸ ಮಾಡುವುದು ಇದರಿಂದಲೇ. ಹೊರಗಿನ ಬೀದಿನಾಯಿಗಳೂ ಒಳಗೆ ತೋಡುತ್ತಿದ್ದರೆ ಆ ಒಂದು ಬದಿಗೆ ಮಾತ್ರ ಹೊರಗೂ ಹಾಸಬೇಕಾಗುತ್ತದೆ, ಅದು ಬೇರೆಯವರ ಜಾಗವಾದರೆ ಅವರನ್ನು ಕೇಳಿ.

ಹಾರ್ಡ್‌ವೇರ್ ಅಂಗಡಿಯಲ್ಲಿ 3 ಅಡಿ ಅಗಲ, 2 ಇಂಚು ಚೌಕದ ಕಣ್ಣು, 12 ಗೇಜ್ ತಂತಿಯ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ವೆಲ್ಡ್ ಮೆಶ್ ಕೇಳಿ. 50 ಅಡಿಯ ಎರಡು ಸುರುಳಿ ಬೇಕು. ಜೋಡಣೆಗೆ, ಎರಡು ಮೂಲೆಗಳಿಗೆ ಅರ್ಧರ್ಧ ಅಡಿ ಹೋದರೂ 90 ಅಡಿಗೆ ಸಾಕು. ಕೋಳಿ ಜಾಲರಿ ಅಗ್ಗವೆಂದು ತರಬೇಡಿ. ಅದು ಒಂದೆರಡು ಮಳೆಗಾಲಕ್ಕೆ ತುಕ್ಕು ತಿಂದು, ನಾಯಿಯ ಉಗುರಿಗೆ ಹರಿದು, ಹರಿದ ಎಳೆಗಳು ಪಾದ ಕೊಯ್ಯುತ್ತವೆ. ಕಟ್ಟಲು 16 ಗೇಜ್ ಜಿ.ಐ. ತಂತಿ ಒಂದು ಕೆ.ಜಿ.; ಕಂಬಿ ಕಟ್ಟುವವರ ಕಪ್ಪು ಬೈಂಡಿಂಗ್ ವೈರ್ ಬೇಗ ತುಕ್ಕು ಹಿಡಿಯುತ್ತದೆ. ಗೂಟಕ್ಕೆ 8 ಮಿ.ಮೀ. ಕಂಬಿ 12 ಮೀಟರಿನ ಎರಡು ತುಂಡು. ಅದನ್ನು ಒಂದೂಕಾಲು ಅಡಿಯಂತೆ ಕತ್ತರಿಸಿ, ತುದಿಯ 3 ಇಂಚನ್ನು ಕೊಡೆಯ ಹಿಡಿಯ ಹಾಗೆ ಬಗ್ಗಿಸಿಕೊಡಲು ಹೇಳಿ. ಎರಡು ಕಂಬಿಗೆ ಅರವತ್ತಕ್ಕೂ ಹೆಚ್ಚು ಗೂಟ ಬರುತ್ತವೆ. 2 ಅಡಿಗೊಂದರಂತೆ ನಿಮಗೆ ಬೇಕಾದದ್ದು 46, ಮೂಲೆಗಳಿಗೆ ಇನ್ನೊಂದಿಷ್ಟು.

ಮೊದಲು ಹಳೆಯ ಗುಂಡಿ ಮುಚ್ಚಿ. ಮಣ್ಣು ಒಟ್ಟಿಗೆ ಸುರಿದರೆ ಕೂರುವುದಿಲ್ಲ. ಅಡಿಗೆ ಜಲ್ಲಿ ಅಥವಾ ಇಟ್ಟಿಗೆ ಚೂರು, ಮೇಲೆ ಅರ್ಧ ಅಡಿ ಮಣ್ಣು, ನೀರು ಚಿಮುಕಿಸಿ ಗುದ್ದುವುದು, ಮತ್ತೆ ಅರ್ಧ ಅಡಿ. ಆಮೇಲೆ ಬೇಲಿಯಿಂದ ಒಳಕ್ಕೆ ಎರಡು ಅಡಿ ಅಗಲ, 2ರಿಂದ 3 ಇಂಚು ಆಳ ಮಣ್ಣು ಕೆತ್ತಿ ತೆಗೆಯಿರಿ. ಕೆಮ್ಮಣ್ಣು ಒಣಗಿದಾಗ ಕಲ್ಲಿನ ಹಾಗಿರುತ್ತದೆ, ಹಿಂದಿನ ಸಂಜೆ ನೀರು ಹಾಯಿಸಿ. ಮೆಶ್ ಅನ್ನು ಹಲಗೆಯ ಅಂಚಿಗೆ ಒತ್ತಿ ಒಂದು ಅಡಿ ಮೇಲಕ್ಕೆ, ಎರಡು ಅಡಿ ನೆಲಕ್ಕೆ ಬರುವಂತೆ ಮಡಚಿ. ನೆಟ್ಟಗಿನ ಭಾಗವನ್ನು ಚೈನ್‌ಲಿಂಕ್‌ಗೆ ಪ್ರತಿ 6 ಇಂಚಿಗೆ, ಮೇಲೊಂದು ಸಾಲು ಕೆಳಗೊಂದು ಸಾಲು ಕಟ್ಟಿ. ಚೈನ್‌ಲಿಂಕ್‌ನ ಕೆಳ ಅಂಚು ಜೋಲು ಬಿದ್ದಿದ್ದರೆ ಕಂಬದಿಂದ ಕಂಬಕ್ಕೆ ಒಂದು ದಪ್ಪ ತಂತಿ ಬಿಗಿಯಾಗಿ ಎಳೆದು ಅದಕ್ಕೆ ಕಟ್ಟಿ. ಇಲ್ಲದಿದ್ದರೆ ತೋಡದೆಯೇ ಎತ್ತಿ ನುಗ್ಗುತ್ತಾನೆ.

ತುಂಡು ಕೂಡುವಲ್ಲಿ 6 ಇಂಚು ಒಂದರ ಮೇಲೊಂದು ಬರಲಿ. ಕತ್ತರಿಸಿದ ಅಂಚಿನ ಮೊನೆಗಳನ್ನೆಲ್ಲ ಕಟಿಂಗ್ ಪ್ಲೇಯರ್‌ನಲ್ಲಿ ಹಿಂದಕ್ಕೆ ಮಡಚಿ ಕೆಳಮುಖ ಮಾಡಿ. ಇಡೀ ಕೆಲಸದಲ್ಲಿ ಜನ ಬೇಸರಪಟ್ಟು ಬಿಡುವುದು ಇದೊಂದನ್ನೇ, ನಾಯಿಯ ಪಾದ ಸೀಳುವುದೂ ಇದರಿಂದಲೇ. ಒಳ ಅಂಚಿನುದ್ದಕ್ಕೂ ಗೂಟ ಹೊಡೆದು, ಕೆತ್ತಿದ ಮಣ್ಣನ್ನೇ ಮುಚ್ಚಿ ತುಳಿಯಿರಿ. ಅವನು ಪದೇ ಪದೇ ತೋಡಿದ ಎರಡು ಮೂರು ಜಾಗಗಳ ಮೇಲೆ ಒಂದೊಂದು ಕಲ್ಲುಚಪ್ಪಡಿ ಹಾಕಿ. ಮೇಲೆ ಹುಲ್ಲು ಬೆಳೆಯಲಿ. ಬೇರು ಜಾಲರಿಗೆ ಹೆಣೆದುಕೊಂಡ ಮೇಲೆ ಅದು ಇನ್ನೂ ಭದ್ರ.

ಗೇಟಿನಡಿ ಜಾಲರಿ ನಿಲ್ಲುವುದಿಲ್ಲ, ಓಡಾಟಕ್ಕೆ ಎದ್ದುಬಿಡುತ್ತದೆ. ಅಲ್ಲಿ ಕಾಂಕ್ರೀಟಿನ ಹೊಸ್ತಿಲು ಬೇಕು: 5 ಅಡಿ ಉದ್ದ, 9 ಇಂಚು ಅಗಲ, ಒಂದೂವರೆ ಅಡಿ ಆಳ. ಒಂದು ಮೂಟೆ ಸಿಮೆಂಟಿಗೆ ಎರಡರಷ್ಟು ಮರಳು, ನಾಲ್ಕರಷ್ಟು 20 ಮಿ.ಮೀ. ಜಲ್ಲಿ ಹಾಕಿದರೆ ಅಷ್ಟಕ್ಕೆ ಸರಿಹೋಗುತ್ತದೆ. ಏಳು ದಿನ ನೀರುಣಿಸಿ. ಗೇಟಿನ ಕೆಳಗಿನ ಸಂದು 2 ಇಂಚಿಗಿಂತ ಕಡಿಮೆ ಇರಲಿ.

ಇಡೀ 90 ಅಡಿಗೂ ಹೀಗೇ ಕಾಂಕ್ರೀಟ್ ಹಾಕಿಸಿಬಿಡಿ ಎಂದು ಮೇಸ್ತ್ರಿ ಹೇಳಬಹುದು. 6 ಇಂಚು ಅಗಲ, ಒಂದೂವರೆ ಅಡಿ ಆಳಕ್ಕೂ ಸುಮಾರು 12 ಮೂಟೆ ಸಿಮೆಂಟ್, 30 ಘನ ಅಡಿ ಮರಳು, 60 ಘನ ಅಡಿ ಜಲ್ಲಿ ಹಿಡಿಯುತ್ತದೆ. ಖರ್ಚಿಗಿಂತ ನನಗೆ ಕಾಣುವ ಅಪಾಯ ಬೇರೆ. ನಿಮ್ಮ ಕಲ್ಲುಕಂಬ ನೆಲದೊಳಗೆ ಹೆಚ್ಚೆಂದರೆ ಎರಡು ಅಡಿ ಇರುತ್ತದೆ. ಅದರ ಪಕ್ಕದಲ್ಲೇ ಒಂದೂವರೆ ಅಡಿ ಕಾಲುವೆ ತೋಡಿದರೆ ಕಂಬ ವಾಲುತ್ತದೆ. ಮಾಡಿಸಲೇಬೇಕೆಂದರೆ ಎರಡು ಕಂಬಗಳ ನಡುವಿನ ಒಂದು ಅಂಕಣ ಬಿಟ್ಟು ಒಂದು ಅಂಕಣ ತೋಡಿ, ತುಂಬಿ, ಗಟ್ಟಿಯಾದ ಮೇಲೆ ಉಳಿದದ್ದು ಮುಟ್ಟಬೇಕು. ನೆಲದ ಮಟ್ಟಕ್ಕಿಂತ ಮೇಲೆ ಬಂದರೆ ಮಳೆನೀರು ಹಿತ್ತಲಲ್ಲೇ ನಿಲ್ಲುತ್ತದೆ, ಅಲ್ಲಲ್ಲಿ 2 ಇಂಚಿನ ಪೈಪು ಬಿಡಿಸಬೇಕು. ಇಲಿ ಸುರಂಗ ತಡೆಯಲು ಅದರಿಂದಲೂ ಆಗುವುದಿಲ್ಲ. ಬರೀ ಸೈಜುಗಲ್ಲು ಸಾಲಾಗಿ ಇಡುವುದಾದರೆ ಅರ್ಧ ಹೂತು, ಸಂದಿಲ್ಲದಂತೆ ಇಡಿ. ಮೇಲೆ ಸುಮ್ಮನೆ ಇಟ್ಟ ಕಲ್ಲನ್ನು 20 ಕೆ.ಜಿ.ಯ ನಾಯಿ ಆರಾಮವಾಗಿ ಉರುಳಿಸುತ್ತದೆ.

ಜಾಲರಿ ಹಾಸಿದ ಮೊದಲ ನಾಲ್ಕೈದು ದಿನ ತೋಡುವುದು ಜಾಸ್ತಿಯಾದರೆ ಗಾಬರಿಯಾಗಬೇಡಿ. ದಿನಾ ಸಿಗುತ್ತಿದ್ದ ದಾರಿ ಸಿಗದಾಗ ಹಾಗಾಗುತ್ತದೆ. ಬೆಳಿಗ್ಗೆ ಹೊರಡುವ ಮೊದಲು, ಸಂಜೆ ಬಂದ ಮೇಲೆ ಒಂದು ಸುತ್ತು ಹೋಗಿ ನೋಡಿ. ತಂತಿ ಕಚ್ಚಿದ ಗುರುತೋ, ಪಾದದಲ್ಲಿ ರಕ್ತವೋ ಕಂಡರೆ ಅದು ಹಟವಲ್ಲ, ಆತಂಕ. ಆಗ ಪಶುವೈದ್ಯರನ್ನು ಕಾಣಬೇಕು.

ಕೋಳಿ, ಹೆಗ್ಗಣ, ಕಾರ್ತಿಕ

ಕೋಳಿಗಳ ಕಡೆಯ ಬೇಲಿಗೆ ನೆಲದಿಂದ 4 ಅಡಿ ಎತ್ತರಕ್ಕೆ ಹಸಿರು ನೆರಳುಬಲೆ ಕಟ್ಟಿ. ಕಣ್ಣಿಗೆ ಕಾಣದಿದ್ದರೆ ಕೆರಳುವುದು ತುಂಬಾ ಕಡಿಮೆಯಾಗುತ್ತದೆ. ಹೋದ ಎರಡು ಕೋಳಿಯ ದುಡ್ಡನ್ನು ಅವರು ಕೇಳುವ ಮೊದಲೇ ಕೊಟ್ಟುಬಿಡಿ, ಬೇಲಿ ಕೆಲಸ ಮಾಡಿಸುತ್ತಿರುವುದನ್ನೂ ಹೇಳಿ. ನೆರೆಯವರು ಬೇಸತ್ತು ವಿಷ ಇಟ್ಟರೆ ಯಾವ ಜಾಲರಿಯೂ ಕಾಳನನ್ನು ಉಳಿಸುವುದಿಲ್ಲ.

ತೋಟದ ಮೂಲೆಯಲ್ಲಿ ಬೇಲಿಗೆ ಒರಗಿಸಿದ ತೆಂಗಿನ ಸಿಪ್ಪೆಯ ರಾಶಿಯೋ ಒಣ ಗರಿಯೋ ಇದ್ದರೆ ಹತ್ತು ಹದಿನೈದು ಅಡಿ ದೂರ ಸಾಗಿಸಿ, ಉದುರಿದ ಎಳನೀರು, ತೆಂಗಿನ ಹರಳುಗಳನ್ನು (ಎಳೆ ಮಿಡಿಗಳನ್ನು) ಆರಿಸಿ. ಇಲಿಬೋನು ಇಡಿ, ಇಲಿಪಾಷಾಣ ಬೇಡ. ವಿಷ ತಿಂದು ತತ್ತರಿಸುವ ಇಲಿಯೇ ನಾಯಿಗೆ ಸುಲಭವಾಗಿ ಸಿಗುವುದು. ಬ್ರೋಮಾಡಿಯೋಲೋನ್ ತರಹದ ಪಾಷಾಣ ಹೊಟ್ಟೆಗೆ ಹೋದರೆ ಎರಡು ಮೂರು ದಿನ ಏನೂ ಕಾಣುವುದಿಲ್ಲ, ಆಮೇಲೆ ಒಸಡು ಬಿಳಿಚಿ, ಒಳಗೊಳಗೇ ರಕ್ತ ಸೋರುತ್ತದೆ. ಅನುಮಾನ ಬಂದ ದಿನವೇ ಪ್ಯಾಕೆಟ್ಟಿನ ಸಮೇತ ವೈದ್ಯರ ಬಳಿ ಹೋದರೆ ಅದಕ್ಕೆ ಮದ್ದಿದೆ. ಬಿಲ ತೋಡುವ ನಾಯಿಗೆ ನಾಗರ, ಕೊಳಕುಮಂಡಲ ಎದುರಾಗುವುದೂ ಇಂಥ ಮೂಲೆಯಲ್ಲೇ. ಮೂತಿ ಏಕಾಏಕಿ ಊದಿದರೆ ಮನೆಮದ್ದಿಗೆ ಹೊತ್ತು ಕಳೆಯಬೇಡಿ. ಇಲಿಯ ಮೂತ್ರದಿಂದ ಬರುವ ಇಲಿಜ್ವರದ ಲಸಿಕೆ, ರೇಬೀಸ್ ಲಸಿಕೆ ಎರಡೂ ಈ ವರ್ಷದ್ದು ಆಗಿದೆಯೇ ನೋಡಿ. ಆಚೆ ಹೋದಾಗ ಬೇರೆ ನಾಯಿ ಕಚ್ಚಿದ್ದರೆ ಲಸಿಕೆ ಆಗಿದ್ದರೂ ವೈದ್ಯರಿಗೆ ತಿಳಿಸಬೇಕು. ಕೊರಳಪಟ್ಟಿಯಲ್ಲಿ ಫೋನ್ ನಂಬರು ಇರಲಿ.

ದಸರಾ ಕಳೆದ ಮೇಲೆ ಶುರುವಾಯಿತು ಅಂದಿರಿ. ಕಾರ್ತಿಕ ಬಂದರೆ ಬೀದಿನಾಯಿಗಳು ಹಿಂಡುಹಿಂಡಾಗಿ ಓಡಾಡುವುದನ್ನು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಕಂಡಿದ್ದಾರೆ. ಬೆದೆಗೆ ಬಂದ ಹೆಣ್ಣಿನ ವಾಸನೆ ಗಾಳಿಯಲ್ಲಿ ತೇಲಿ ಬಂದರೆ ಆಪರೇಷನ್ ಆಗದ ಗಂಡು ಅನ್ನ ಬಿಟ್ಟು ಬೇಲಿ ತೋಡುತ್ತದೆ. ರಾತ್ರಿ ಗೋಳಿಡುವುದು, ಊಟ ಬಿಡುವುದು, ಬೇಲಿಯುದ್ದಕ್ಕೂ ಮೂತ್ರ ಚಿಮುಕಿಸುವುದು ಇದ್ದರೆ ಇದೂ ಒಂದು ಕಾರಣ. ಆಪರೇಷನ್ ಮಾಡಿಸುವುದು ಒಳ್ಳೆಯದೇ. ಊರು ಸುತ್ತುವ ಚಾಳಿ ಬಹಳಷ್ಟು ನಾಯಿಗಳಲ್ಲಿ ಇಳಿಯುತ್ತದೆ. ಆದರೆ ಮಾರನೆಯ ದಿನವೇ ಅಲ್ಲ, ಹಾರ್ಮೋನು ತಗ್ಗಿ ಅಭ್ಯಾಸ ಬಿಡಲು ವಾರಗಳು ಹಿಡಿಯುತ್ತವೆ. ಬೇಸರಕ್ಕೋ ಬೇಟೆಗೋ ತೋಡುವುದು ಅದರಿಂದ ನಿಲ್ಲುವುದಿಲ್ಲ. ಅದನ್ನು ನಂಬಿ ಬೇಲಿ ಕೆಲಸ ಮುಂದೂಡಬೇಡಿ.

ಮುಂದಿನ ದೀಪಾವಳಿಗೆ ಈಗಲೇ ಒಂದು ಮಾತು: ಕತ್ತಲಾಗುವ ಮೊದಲೇ ಸುತ್ತಾಡಿಸಿ, ಉಣಿಸಿ, ಬೀದಿಯಿಂದ ದೂರದ ಒಳಕೋಣೆಯಲ್ಲಿ ಫ್ಯಾನು ಹಾಕಿ ಯಾರಾದರೂ ಜೊತೆಗಿರಿ. ತೀರಾ ಹೆದರುವ ನಾಯಿಗೆ ಭಯ ತಗ್ಗಿಸುವ ಔಷಧ ಇದೆ, ಹಬ್ಬಕ್ಕೆ ಎರಡು ವಾರ ಮೊದಲೇ ವೈದ್ಯರ ಬಳಿ ಮಾತಾಡಿ. ಮೈ ಮಾತ್ರ ಮಂಕಾಗಿಸಿ ಭಯವನ್ನು ಹಾಗೇ ಉಳಿಸುವ ಮದ್ದು ಬೇಡ ಎಂದು ಕೇಳುವ ಹಕ್ಕು ನಿಮಗಿದೆ.

ಒಂಬತ್ತೂವರೆಯಿಂದ ಐದರವರೆಗೆ

ನಿಮ್ಮ ಪತ್ರದಲ್ಲಿ ನನ್ನ ಗಮನ ಹಿಡಿದ ಮಾತು ಅತ್ತೆಯವರ ಮಂಡಿನೋವು. ಅವರು ಬಟ್ಟೆ ಒಣಹಾಕಲೋ, ಸೊಪ್ಪು ಬಿಡಿಸಲೋ, ಬಿಸಿಲು ಕಾಯಲೋ ಹಿತ್ತಲಿಗೆ ಬರುತ್ತಿದ್ದಷ್ಟು ದಿನ ಕಾಳನಿಗೆ ಜೊತೆ ಇತ್ತು. ಅವರು ಗದರಿದರೂ ಅದು ಜೊತೆಯೇ. ಈಗ ಏಳೂವರೆ ಗಂಟೆ ಅವನೊಬ್ಬನೇ. ಹಗಲಿನ ಗುಂಡಿಗಳು ಅವರು ಹಿತ್ತಲಿಗೆ ಇಳಿಯುವುದು ನಿಂತ ಸಮಯದಲ್ಲೇ ಶುರುವಾಗಿವೆಯೇ ಎಂದು ದಿನಾಂಕ ನೆನೆದು ನೋಡಿ.

ಹಳೆಯ ಮೊಬೈಲನ್ನು ಅಡುಗೆಮನೆ ಕಿಟಕಿಯಲ್ಲಿಟ್ಟು ಎರಡು ಬೆಳಿಗ್ಗೆ ವಿಡಿಯೋ ಮಾಡಿ. ನೀವು ಹೊರಟ ಅರ್ಧ ಗಂಟೆಯೊಳಗೆ ಏದುಸಿರು, ಜೊಲ್ಲು, ಕುಂಯ್‌ಗುಡುವುದು, ಅತ್ತಿತ್ತ ಓಡಾಟ ಶುರುವಾಗಿ ತೋಡಲು ಹೋದರೆ ಅದು ಒಂಟಿತನದ ಆತಂಕ. ವೈದ್ಯರ ಸಲಹೆ ಬೇಕಾಗಬಹುದು. ಒಂದೆರಡು ಗಂಟೆ ಮಲಗಿ, ಎದ್ದು ಮೈಮುರಿದು, ನೊಣ ಅಟ್ಟಿ, ಆಮೇಲೆ ತೋಡಿದರೆ ಅದು ಬೇಸರ. ಬೇಸರವಾದರೆ ಪರಿಹಾರ ನಿಮ್ಮ ಕೈಯಲ್ಲೇ ಇದೆ.

ಹಿತ್ತಲ ಬಾಗಿಲಿಗೆ ಒಂದು ಜಾಲರಿ ಬಾಗಿಲು ಹಾಕಿಸಿ. ಅತ್ತೆಯವರು ಒಳಗೆ ಕುರ್ಚಿಯಲ್ಲೇ ಕೂತು ಅವರೆಕಾಯಿ ಸುಲಿಯಲಿ, ಟಿ.ವಿ. ನೋಡಲಿ, ಆಚೆ ಬದಿ ನೆರಳಲ್ಲಿ ಕಾಳನಿಗೆ ಗೋಣಿಚೀಲ ಹಾಸಿ. ಅವರು ಮಂಡಿ ಬಗ್ಗಿಸಬೇಕಿಲ್ಲ, ಅವನಿಗೆ ಮನುಷ್ಯರ ಸದ್ದು, ವಾಸನೆ ಸಿಗುತ್ತದೆ. ಹನ್ನೊಂದಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ ಹೆಸರು ಕರೆದು ಒಂದು ತುಂಡು ಕ್ಯಾರೆಟ್ಟೋ ಸೌತೆಕಾಯಿಯೋ ಎಸೆದರೆ ಸಾಕು.

ಬೆಳಿಗ್ಗೆ ಹೊರಡುವ ಮುನ್ನ 30ರಿಂದ 40 ನಿಮಿಷ ನಡೆಸಿ. ಓಡಿಸುವುದು ಮುಖ್ಯವಲ್ಲ, ಮೂಸಲು ಬಿಡುವುದು ಮುಖ್ಯ. ಒಂದು ಬೇಲಿಗಿಡವನ್ನು ಐದು ನಿಮಿಷ ಮೂಸಿದರೂ ಎಳೆಯಬೇಡಿ. ಬೆಳಗಿನ ಊಟವನ್ನು ತಟ್ಟೆಗೆ ಹಾಕುವ ಬದಲು ಒಣ ಆಹಾರವಾದರೆ ಹುಲ್ಲಿನ ಮೇಲೆ ಚೆಲ್ಲಿ ಅಥವಾ ಮೊಟ್ಟೆಯ ರಟ್ಟಿನ ಗುಳಿಗಳಲ್ಲಿ ಹಾಕಿ ಗೋಣಿಯಲ್ಲಿ ಸುತ್ತಿ ಕೊಡಿ. ರಟ್ಟನ್ನು ಹರಿದು ಹಾಕುವ ನಾಯಿಗೆ ಸರಿ, ನುಂಗುವ ನಾಯಿಗೆ ಬೇಡ. ಮೊದಲೆರಡು ಸಲ ಎದುರಿಗಿದ್ದು ನೋಡಿ.

ಕೊನೆಗೆ ಅವನಿಗೆ ತೋಡಲು ಒಂದು ಸ್ವಂತ ಜಾಗ ಕೊಡಿ. ಮಾವಿನ ಮರದ ನೆರಳಲ್ಲಿ, ಬೇರು ಕತ್ತರಿಸದ ಕಡೆ, 4 ಅಡಿಗೆ 5 ಅಡಿ ಅಂಕಣ, ಸುತ್ತ ಇಟ್ಟಿಗೆ ಅಥವಾ ತೆಂಗಿನ ಮರದ ತುಂಡು. ಒಂದೂಕಾಲು ಅಡಿ ಆಳಕ್ಕೆ ಮಣ್ಣು ಮರಳು ಸಮಸಮ ಬೆರೆಸಿ ತುಂಬಿ, ಸಿಮೆಂಟ್ ಚೀಲದ ಲೆಕ್ಕದಲ್ಲಿ ಸುಮಾರು 20 ಚೀಲ. ಬರೀ ಎಂ-ಸ್ಯಾಂಡ್ ಬೇಡ, ಅದರ ದೂಳು ಮೂಗಿಗೆ ಹೋಗುತ್ತದೆ. ಮೊದಲ ದಿನ ಅವನ ಕಣ್ಣೆದುರೇ ಕ್ಯಾರೆಟ್ಟು, ರಬ್ಬರ್ ಚೆಂಡು ಅರ್ಧ ಕಾಣುವಂತೆ ಹೂಳಿ. ತೋಡಿ ತೆಗೆದರೆ ಹೊಗಳಿ. ನಾಲ್ಕೈದು ದಿನಕ್ಕೆ ಪೂರ್ತಿ ಮುಚ್ಚಿ, ಆಮೇಲೆ ಆಳಕ್ಕೆ ಹೂಳಿ. ದಿನಾ ಹೊರಡುವ ಮುಂಚೆ ಮೂರು ನಾಲ್ಕು ವಸ್ತು ಇಟ್ಟುಹೋಗಿ, ಒಂದೊಂದು ದಿನ ಒಂದೊಂದು ಕಡೆ. ಮೂಳೆ, ಮಾಂಸ ಹೂಳಬೇಡಿ; ಇರುವೆ, ಹೆಗ್ಗಣ ಎರಡೂ ಬರುತ್ತವೆ. ಬೇಸಿಗೆಯಲ್ಲಿ ಬೆಳಿಗ್ಗೆ ಎರಡು ಬಿಂದಿಗೆ ನೀರು ಚಿಮುಕಿಸಿದರೆ ಅದೇ ಅವನ ತಂಪಿನ ಗುಂಡಿಯೂ ಆಗುತ್ತದೆ. ಬೇಲಿಯ ಹತ್ತಿರ ಕೆರೆಯುವುದು ಕಣ್ಣಿಗೆ ಬಿದ್ದರೆ ಕೂಗಾಡಬೇಡಿ, ಹೆಸರು ಹಿಡಿದು ಕರೆದು ಈ ಅಂಕಣಕ್ಕೆ ಕರೆದೊಯ್ದು ನೀವೇ ಕೈಯಲ್ಲಿ ಎರಡು ಸಲ ಮಣ್ಣು ಕೆದಕಿ. ನಾಟಿ ನಾಯಿಗಳು ಇದನ್ನು ಬಹಳ ಬೇಗ ಕಲಿಯುತ್ತವೆ.

ಕಿತ್ತುಹೋದ ಉಗುರಿನ ಬುಡ ಇನ್ನೂ ಕೆಂಪಾಗಿದ್ದರೆ ಅಥವಾ ಅವನು ಬಿಡದೆ ನೆಕ್ಕುತ್ತಿದ್ದರೆ ಈ ವಾರವೇ ತೋರಿಸಿ. ಅದು ವಾಸಿಯಾಗುವವರೆಗೆ ಮಣ್ಣಿನ ಅಂಕಣ ಬೇಡ. ಜಾಲರಿಯ ಗೂಟಗಳನ್ನು ಮುಂಗಾರಿನ ಮೊದಲ ದೊಡ್ಡ ಮಳೆ ಆದ ಮರುದಿನ ಒಮ್ಮೆ ತುಳಿದು ನೋಡಿ. ಮಣ್ಣು ಕೊಚ್ಚಿಹೋಗಿ ಅಂಚು ಮೇಲೆದ್ದಿರುವುದು ಸಾಮಾನ್ಯವಾಗಿ ತಗ್ಗಿನ ಮೂಲೆಯಲ್ಲಿ, ನೀರು ಹರಿದು ಹೋಗುವ ಜಾಗದಲ್ಲಿ.